ನಿಂತ ಬಾವುಟ, ಮಲಗಿದ ಬಾವುಟ

ನನಗೆ ಮೊದಲ ನೌಕರಿ ಸಿಕ್ಕಿದ್ದು ಅರವತ್ತು ದಾಟಿದ ಮೇಲೆ, ಅಮೀರ್‌ಪೇಟ್‌ನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ, ಜಾವಾ ಕಲಿಸುವ ತರಗತಿಯ ನೆತ್ತಿಯ ಮೇಲೆ. ಕೆಲಸ ಏನೆಂದರೆ ಮಾತಾಡುವುದು. ಅದನ್ನೇ ನಾನು ಮದುವೆಯಾದಂದಿನಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದೆ. ನಮ್ಮವರು, ಪುಣ್ಯಾತ್ಮರು, ಬದುಕಿದ್ದಷ್ಟು ಕಾಲ ನ್ಯೂಸ್‌ಪೇಪರಿನ ಹಿಂದೆ ಅಡಗಿ ಕೂತು ತಪ್ಪಿಸಿಕೊಂಡರು.

ಹೈಟೆಕ್ ಸಿಟಿ ಎನ್ನುವ ಹೆಸರು ಜನರ ಬಾಯಲ್ಲಿ ಇನ್ನೂ ಹೊಸದಾಗಿದ್ದ ಕಾಲ ಅದು. ಈಗ ಅಮೀರ್‌ಪೇಟ್‌ನಲ್ಲಿ ತಲೆಯೆತ್ತಿದರೆ ಮೆಟ್ರೊ. ಆಗ ತಲೆಯೆತ್ತಿದರೆ ಬ್ಯಾನರು, ಈ ಕಂಬದಿಂದ ಆ ಕಂಬಕ್ಕೆ, ಒಂದರ ಮೇಲೊಂದು. ಯಾವ ಕೋರ್ಸು ಮಾಡಿದರೆ ಯಾವ ದೇಶ ಎಂದು ಅದರಲ್ಲೇ ಬರೆದಿರುತ್ತಿತ್ತು. ಇಂಜಿನಿಯರಿಂಗ್ ಓದದವರಿಗೆ ಕಾಲ್ ಸೆಂಟರ್. ಅಲ್ಲಿಗೆ ಬೇಕಾದದ್ದು ಎರಡೇ, ಇಂಗ್ಲಿಷು ಮತ್ತು ತಾಳ್ಮೆ. ಇಂಗ್ಲಿಷು ಕಲಿಸುವುದಕ್ಕೆ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಫ್ಲ್ಯಾಟಿನವರು ಒಂದು ಇನ್‌ಸ್ಟಿಟ್ಯೂಟ್ ತೆರೆದಿದ್ದರು. ಗುಂಟೂರಿನವರು, ಬಳ್ಳಾರಿಯಲ್ಲಿ ಕೆಲವು ವರ್ಷ ಇದ್ದು ಕನ್ನಡ ಕಲಿತವರು. ಒಂದು ದಿನ ಅವರು ನಮ್ಮ ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, ಬಹಳ ಗೌರವದಿಂದ ಕೇಳಿದರು.

"ಮೇಡಂ ಗಾರೂ, ನಿಮ್ಮ ಅಡುಗೆಮನೆ ಕಿಟಕಿಯಿಂದ ದಿನಾ ಒಬ್ಬರು ಫಾರಿನ್ ಲೇಡಿ ಫೋನಲ್ಲಿ ಮಾತಾಡೋದು ಕೇಳಿಸುತ್ತೆ. ಅವರನ್ನ ಸ್ವಲ್ಪ ಪರಿಚಯ ಮಾಡಿಸ್ತೀರಾ?"

"ಅದು ನಾನೇರಿ," ಎಂದೆ. ಹಳೆಯ ಕ್ಲಾಸ್‌ಮೇಟ್ ಜೊತೆ ಫೋನಿನಲ್ಲಿ ಮಾತಾಡುವಾಗ ನನಗೇ ಗೊತ್ತಿಲ್ಲದೆ ನಾನು ಹತ್ತು ವರ್ಷದ ಕಾನ್ವೆಂಟ್ ಹುಡುಗಿಯಾಗಿಬಿಡುತ್ತೇನೆ.

ಅವರು ನನ್ನನ್ನು, ನನ್ನ ಕೈಯಲ್ಲಿದ್ದ ಬೆಳ್ಳುಳ್ಳಿಯ ಮೊರವನ್ನು ನೋಡಿದರು. ಆಮೇಲೆ ಸಂಬಳ ಹೇಳಿದರು.

ಅವರಿಗೆ ಸಿಕ್ಕಿದ್ದ ಹೊಸ ಗಿರಾಕಿ ಒಂದು ಟೆಲಿಫೋನ್ ಬಿಲ್ಲಿನ ಕಂಪನಿ. ಕರೆಗಳೆಲ್ಲ ಉತ್ತರ ಐರ್ಲೆಂಡ್‌ನಿಂದ ಬರುವಂಥವು. ನನಗೆ ಇಂಗ್ಲಿಷು ಕಲಿಸಿದ ಸಿಸ್ಟರ್‌ಗಳು ಐರ್ಲೆಂಡ್‌ನವರೇ, ಆದರೆ ದಕ್ಷಿಣದ ತುದಿಯವರು. ಅದನ್ನು ಹೇಳಿದೆ.

"ಐರ್ಲೆಂಡ್ ಅಂದ್ರೆ ಐರ್ಲೆಂಡೇ ಅಲ್ಲವಾ ಮೇಡಂ?"

"ಎಂಬತ್ತು ವರ್ಷದಿಂದ ಅವರು ಹೊಡದಾಡಾಕತ್ತಿದ್ದು ಅದೊಂದ ಮಾತಿಗೆರಿ," ಎಂದೆ. ಅವರಿಗೆ ಅದು ಜೋಕಿನಂತೆ ಕೇಳಿಸಿತು. ಸೋಮವಾರದಿಂದ ಬನ್ನಿ ಎಂದರು.

ನಮ್ಮ ಹಿಸ್ಟರಿ ಸಿಸ್ಟರ್ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ತಂದೆ ಕಲಬುರ್ಗಿಯಿಂದ ಬಂದು ನಿಜಾಮರ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಹೆಣ್ಣುಮಕ್ಕಳಿಗೆ ಕಾನ್ವೆಂಟೇ ಆಗಬೇಕೆಂದು ಹಟ ಹಿಡಿದವರು. ಅಲ್ಲಿ ಆ ಸಿಸ್ಟರ್ ನಮಗೆ ಇಂಗ್ಲೆಂಡಿನ ರಾಜರ ಪಾಠ ಮಾಡಬೇಕಿತ್ತು. ಮಾಡುತ್ತಲೂ ಇದ್ದರು, ಮೂಗು ಮುರಿಯುತ್ತ. ಗಂಟೆ ಹೊಡೆಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಪುಸ್ತಕ ಮುಚ್ಚಿ ತಮ್ಮ ಊರಿನ ಕಥೆ ತೆಗೆಯುತ್ತಿದ್ದರು. ಒಂದೇ ರಾತ್ರಿ ಸುಟ್ಟುಹೋದ ಪೇಟೆಬೀದಿ. ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟ ಪಿಸ್ತೂಲು. ಬ್ರಿಟಿಷರು ಉತ್ತರದ ಆರು ಜಿಲ್ಲೆ ಇಟ್ಟುಕೊಂಡು ಉಳಿದದ್ದು ಬಿಟ್ಟುಕೊಟ್ಟಾಗ ಅವರ ದೊಡ್ಡಣ್ಣ ಸದ್ಯಕ್ಕೆ ಇಷ್ಟು ಸಾಕು ಎಂದನಂತೆ, ಸಣ್ಣಣ್ಣ ಸಾಲದು ಎಂದನಂತೆ. ಒಂದೇ ಮನೆ, ಒಂದೇ ಊಟದ ಟೇಬಲ್ಲು. ಸಣ್ಣಣ್ಣ ಆಮೇಲೆ ಮನೆಗೆ ಬರಲಿಲ್ಲ. ಅಷ್ಟು ಹೇಳಿ ಸಿಸ್ಟರ್ ಬೋರ್ಡು ಒರೆಸುತ್ತಿದ್ದರು, ಅಲ್ಲಿ ಏನೂ ಬರೆದಿರದಿದ್ದರೂ.

ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ನಮ್ಮ ಶಾಲೆಯಲ್ಲಿ ಮೊದಲ ಸಲ ತ್ರಿವರ್ಣ ಧ್ವಜ ಹಾರಿಸಿದ ದಿನ ನಾವು ಸಾಲಾಗಿ ನಿಂತಿದ್ದೆವು. ಬಾವುಟ ಬಿಚ್ಚಿಕೊಂಡಿತು. ಎಲ್ಲರೂ ನೇರ ನೋಡುತ್ತಿದ್ದಾಗ ನಮ್ಮ ಸಿಸ್ಟರ್ ಮಾತ್ರ ಕುತ್ತಿಗೆಯನ್ನು ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲಿಸಿದರು, ಕಿವಿ ಭುಜಕ್ಕೆ ತಾಗುವವರೆಗೂ. ಹಾಗೇ ನಿಂತು ಅತ್ತರು. ಕುತ್ತಿಗೆ ಉಳುಕಿದೆ ಎಂದೇ ನಾವು ತಿಳಿದೆವು. ಮರುದಿನ ನಾನು ಮನೆಯಿಂದ ಒಂದು ಪುಟ್ಟ ಬಾಟಲಿಯಲ್ಲಿ ಹರಳೆಣ್ಣೆ ಒಯ್ದು ಕೊಟ್ಟೆ, ಬಿಸಿ ಮಾಡಿ ತಿಕ್ಕಿಕೊಳ್ಳಿ ಸಿಸ್ಟರ್ ಎಂದು. ಅವರು ಹರಳೆಣ್ಣೆಯನ್ನು ಬಹಳ ಮ್ಯಾನರ್ಸ್‌ನಿಂದ ಸ್ವೀಕರಿಸಿ, ಒಂದು ಕಾಗದದ ಮೇಲೆ ಮೂರು ಪಟ್ಟೆ ಗೀಚಿ ತೋರಿಸಿದರು. ಅವರ ದೇಶದ ಬಾವುಟಕ್ಕೂ ಅವೇ ಬಣ್ಣ. ನಮ್ಮ ಪಟ್ಟೆಗಳು ಮಲಗಿವೆ, ಅವರವು ನಿಂತಿವೆ. ಹಸಿರು ಕ್ಯಾಥೊಲಿಕರಿಗೆ, ಕಿತ್ತಳೆ ಪ್ರಾಟೆಸ್ಟೆಂಟರಿಗೆ, ನಡುವಿನ ಬಿಳಿ ಇಬ್ಬರ ಶಾಂತಿಗೆ. "ಬಿಳಿಯೇ ಬೇಗ ಕೊಳೆಯಾಗುತ್ತದೆ, ಡಿಯರ್," ಎಂದಿದ್ದರು.

ಇದನ್ನೆಲ್ಲ ನಾನು ಅಮೀರ್‌ಪೇಟ್‌ನ ಬ್ಯಾಚಿಗೆ ಹೇಳಿದೆ. ಹೇಳದೆ ಹೇಗೆ? ಬಿಲ್ಲು ಜಾಸ್ತಿ ಬಂತೆಂದು ಬೈಯುವವನ ಊರಿನಲ್ಲಿ ಮೂವತ್ತು ವರ್ಷ ಬಾಂಬು ಸಿಡಿದಿದೆ, ಈಗಷ್ಟೇ ಶಾಂತಿ ಒಪ್ಪಂದವಾಗಿದೆ ಎನ್ನುವುದು ಗೊತ್ತಿದ್ದರೆ ಬೈಗುಳ ಸ್ವಲ್ಪ ಹಗುರಾಗುತ್ತದೆ. ಮಾಲೀಕರ ನಿಯಮ ಬೇರೆ ಇತ್ತು. ಗಿರಾಕಿಯ ಜೊತೆ ಧರ್ಮ ಬೇಡ, ರಾಜಕೀಯ ಬೇಡ, ಹವಾಮಾನ ಮಾತ್ರ. ಯಾವುದನ್ನು ಮಾತಾಡಬಾರದು ಎಂದು ತಿಳಿಯಬೇಕಾದರೂ ಮೊದಲು ಅದನ್ನು ಮಾತಾಡಬೇಕಲ್ಲ, ಎಂದು ನಾನು ವಾದಿಸಿದೆ.

ಬ್ಯಾಚಿನಲ್ಲಿ ಸಿಂಧನೂರಿನ ಒಬ್ಬಳು ಹುಡುಗಿ ಇದ್ದಳು. ಅವಳ ಅಣ್ಣನದು ಅಲ್ಲಿ ಗೊಬ್ಬರದ ಅಂಗಡಿ. ಒಂದು ವರ್ಷ ಟೈಮು ಕೊಟ್ಟಿದ್ದ. ಆಗಸ್ಟ್ ಹದಿನೈದರೊಳಗೆ ನೌಕರಿ ಆದರೆ ಸರಿ, ಇಲ್ಲದಿದ್ದರೆ ಅಂಗಡಿಯ ಗಲ್ಲಾದ ಮೇಲೆ ಕೂರಬೇಕು. ಅವಳಿಗೆ ಗಲ್ಲಾ ಎಂದರೆ ಯೂರಿಯಾ ವಾಸನೆ, ದಿನವಿಡೀ ಅದೇ ನಾಲ್ಕು ಗೋಡೆ. ಎರಡು ಕಡೆ ಇಂಟರ್‌ವ್ಯೂ ಕೊಟ್ಟು ಎರಡೂ ಕಡೆ ಫೇಲಾಗಿದ್ದಳು. ಇಂಗ್ಲಿಷಿನ ಕೊರತೆ ಅಲ್ಲ. ಅವರು ಒಂದು ಪ್ರಶ್ನೆ ಕೇಳಿದರೆ ಇವಳು ಎರಡು ಕೇಳುತ್ತಿದ್ದಳು.

"ಈಸ್ಟರ್ ಹಬ್ಬದ ಮರುದಿನ ಬ್ರಿಟಿಷರ ಮ್ಯಾಲೆ ತಿರುಗಿಬಿದ್ದ ಬಂಡಾಯಗಾರರು ಬಂದೂಕು ಹಿಡಕೊಂಡು ಡಬ್ಲಿನ್ನಿನ ದೊಡ್ಡ ಪೋಸ್ಟ್ ಆಫೀಸಿನೊಳಗ ಹೋಗಿ ಅದನ್ನ ವಶ ಮಾಡ್ಕೊಂಡರು," ಎಂದು ನಾನು ಹೇಳುವುದೇ ತಡ, ಅವಳ ಕೈ ಮೇಲೆ.

"ಪೋಸ್ಟ್ ಆಫೀಸ್ ಯಾಕ್ರಿ ಮೇಡಂ?"

"ಯಾಕಂದ್ರ?"

"ಊರಾಗ ಖಜಾನಿ ಇರಲಿಲ್ಲೇನ್ರಿ? ಪೊಲೀಸ್ ಠಾಣೆ? ಸಾಯಾಕ ಹೊಂಟವ್ರು ಸ್ಟ್ಯಾಂಪ್ ಇಟ್ಕೊಂಡು ಏನ್ ಮಾಡ್ತಾರ್ರಿ?"

ಇದೇ ಪ್ರಶ್ನೆಯನ್ನು ನಾನೂ ಸಿಸ್ಟರ್‌ಗೆ ಕೇಳಿದ್ದೆ. ಅವರು "ಸಿಟ್ ಡೌನ್" ಎಂದಿದ್ದರು. ನಾನೂ ಅದನ್ನೇ ಅಂದೆ.

ದೇಶ ಪಾಲಾದ ಕಥೆ ಬ್ಯಾಚಿಗೆ ಒಂದೇ ಏಟಿಗೆ ತಿಳಿಯಿತು. "ನಮ್ಮನ್ನೂ ಹಂಗ ಹಂಚ್ಯಾರಲ್ರಿ, ನಿಜಾಮನ ರಾಜ್ಯ ಮೂರು ಪಾಲು," ಎಂದಳು ಅವಳು. ನಿಜ. ನಮ್ಮ ಕಾಕಾ ಕಲಬುರ್ಗಿಯಲ್ಲಿ ಉಳಿದು ಮೈಸೂರು ರಾಜ್ಯದವರಾದರು, ನಾವು ಇಲ್ಲಿ ಆಂಧ್ರದವರಾದೆವು. ಬಂದೂಕು ಹಾರಲಿಲ್ಲ. ಮದುವೆ ಮನೆಯಲ್ಲಿ ಎಲೆಗೆ ಮೊದಲು ರೊಟ್ಟಿಯೋ ಅನ್ನವೋ ಎಂದು ಒಂದು ತಲೆಮಾರು ಜಗಳವಾಡಿ ಸುಸ್ತಾದೆವು, ಅಷ್ಟೆ.

ಪಾಠ ಗಟ್ಟಿಯಾಗಲೆಂದು ನಾನು ಕ್ಲಾಸನ್ನು ಎರಡು ಮಾಡಿದೆ. ಕಿಟಕಿಯ ಕಡೆಯ ಬೆಂಚು ಕಿತ್ತಳೆ, ಬ್ರಿಟನ್ನೇ ಬೇಕೆನ್ನುವವರು; ಬಾಗಿಲ ಕಡೆಯದು ಹಸಿರು, ಐರ್ಲೆಂಡಿಗೆ ಸೇರಬೇಕೆನ್ನುವವರು. ಬೀದರಿನಿಂದ ಬಂದಿದ್ದ ಮುಸ್ಲಿಂ ಯುವಕನೊಬ್ಬ, ಭಾರಿ ತಮಾಷೆಯ ಮನುಷ್ಯ, ಕಿಟಕಿಯ ಕಡೆ ಕೂತಿದ್ದರಿಂದ ಕಿತ್ತಳೆ ಪಕ್ಷದ ಮುಖಂಡನಾದ. ಸಿಂಧನೂರಿನವಳು ಹಸಿರಿಗೆ. ಜುಲೈ ಬಂದರೆ ಕಿತ್ತಳೆಯವರು ದುಂಡು ಟೋಪಿ ಹಾಕಿ, ಛತ್ರಿ ಹಿಡಿದು, ಡೋಲು ಬಾರಿಸುತ್ತ ಹಸಿರಿನವರ ಓಣಿಯಲ್ಲಿ ಮೆರವಣಿಗೆ ಹೋಗುತ್ತಾರೆ, ಹಸಿರಿನವರು ರಸ್ತೆಗೆ ಅಡ್ಡ ಕೂರುತ್ತಾರೆ ಎಂದು ಒಂದು ದಿನ ವಿವರಿಸಿದೆ. ಮರುದಿನ ಊಟದ ಬಿಡುವಿನಲ್ಲಿ ವರಾಂಡದಿಂದ ಭಯಂಕರ ಸದ್ದು. ಹೊರಗೆ ಬಂದು ನೋಡಿದರೆ ಬೀದರಿನವನು ಮಡಿಸಿದ ಛತ್ರಿ ಎತ್ತಿ ಹಿಡಿದು ಮುಂದೆ, ಅವನ ಹಿಂದೆ ಇಡೀ ಕಿತ್ತಳೆ ಬೆಂಚು ತಲೆಗೆ ಸ್ಕೂಟರಿನ ಹೆಲ್ಮೆಟ್ ಹಾಕಿ, ಡಬ್ಬಿಯ ಮುಚ್ಚಳ ಬಡಿಯುತ್ತ. ಮೆಟ್ಟಿಲ ಮೇಲೆ ಸಿಂಧನೂರಿನವಳು ತನ್ನ ಬಳಗದೊಂದಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ.

"ಪಕ್ಕಕ್ಕ ಸರೀರಿ, ನಮ್ಮ ಅಜ್ಜನ ಕಾಲದಿಂದ ನಾವು ಇದೇ ದಾರೀಲೆ ಹೋಗ್ಲತ್ತೀವಿ," ಎಂದ ಬೀದರಿನವನು.

"ನಿಮ್ಮಜ್ಜ ಬೀದರ್ ಕೋಟಿ ದಾಟಿದ್ದಿಲ್ಲ. ಸುಮ್ನ ಹೊಳ್ಳಿ ಹೋಗು," ಎಂದಳು ಇವಳು.

ಕೆಳಗಿನಿಂದ ಜಾವಾ ಮೇಷ್ಟ್ರು ಓಡಿ ಬಂದರು. ಏನು ನಡೀತಿದೆ ಎಂದು ಕೇಳಿದರೆ ಎಲ್ಲರೂ ಒಕ್ಕೊರಲಿನಿಂದ, "ಬೆಲ್‌ಫಾಸ್ಟ್ ಸರ್." ಶುಕ್ರವಾರ ನಾನೇ ನಡುವೆ ಕೂತು ಒಪ್ಪಂದ ಮಾಡಿಸಿದೆ. ಮೆರವಣಿಗೆ ವಾಟರ್ ಫಿಲ್ಟರ್ ತನಕ ಹೋಗಬಹುದು, ಡೋಲಿಲ್ಲದೆ. ಕೂತವರಿಗೆ ಮೊದಲ ಸಮೋಸ. ಎರಡೂ ಕಡೆಯವರು ಗೊಣಗುತ್ತ ಒಪ್ಪಿದರು. ಒಪ್ಪಂದ ಒಳ್ಳೆಯದಿದ್ದರೆ ಹೀಗೇ ಗೊಣಗುತ್ತಾರಂತೆ. ಆ ವಯಸ್ಸಿನಲ್ಲಿ ಅಷ್ಟು ನಕ್ಕರೆ ಬಿ.ಪಿ. ಏರುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಯ್ಕೆಗೆ ಕಂಪನಿಯ ಮೇಡಂ ಒಬ್ಬರು ಖುದ್ದು ಬೆಲ್‌ಫಾಸ್ಟ್‌ನಿಂದ ಬರುತ್ತಾರೆ ಎಂದು ತಿಳಿಯಿತು. ಗೊತ್ತುಪಡಿಸಿದ ದಿನ ಆಗಸ್ಟ್ ಹದಿನಾಲ್ಕು. ಸಿಂಧನೂರಿನವಳಿಗೆ ಅದೇ ಕೊನೆಯ ಚಾನ್ಸು.

"ಅವರು ಕೇಳಿದ್ದಕ್ಕ ಉತ್ತರ ಕೊಡು. ನೀ ಏನೂ ಕೇಳಬ್ಯಾಡ. ಪ್ರಾಮಿಸ್ ಮಾಡು," ಎಂದೆ.

"ಪ್ರಾಮಿಸ್ರಿ. ಒಂದೂ ಕೇಳಬಾರದೇನ್ರಿ?"

"ನೋಡು, ಈಗ ಕೇಳಿದಿ."

ಹದಿನಾಲ್ಕರ ಬೆಳಿಗ್ಗೆ ನಾನು ಆಟೊ ಇಳಿದಾಗ ಕೆಳಗಿನ ಚಹಾದ ಅಂಗಡಿಯಲ್ಲಿ ಅವಳ ಅಣ್ಣ ಆಗಲೇ ಬಂದು ಕೂತಿದ್ದ. ದಪ್ಪ ಮೀಸೆಯ ಸಾಧು ಮನುಷ್ಯ. ಕಾಲ ಬಳಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ನಮಸ್ಕಾರ ಮಾಡಿ, "ನಾಳೆ ಸಂಜಿ ಬಸ್ಸಿಗೆ ಎರಡು ಸೀಟು ಬುಕ್ ಮಾಡೀನ್ರಿ ಅಮ್ಮಾರ. ಒಂದು ಕ್ಯಾನ್ಸಲ್ ಆದ್ರ ನನಗೇನು ಬ್ಯಾಸರ ಇಲ್ರಿ," ಎಂದ. ಆದರೆ ತಂಗಿ ಬರುವುದೇ ಖಂಡಿತ ಎನ್ನುವ ಹಾಗೆ ಕಿಟಕಿಯ ಸೀಟು ಅವಳಿಗೆ ಇಟ್ಟಿದ್ದನ್ನೂ ಹೇಳಿದ.

ಮೇಲೆ ಹೋಗಿ ಹಾಲಿನ ಬಾಗಿಲು ತೆಗೆದೆ.

ನಾಳೆ ಸ್ವಾತಂತ್ರ್ಯ ದಿನವೆಂದು ಮಾಲೀಕರು ಹಿಂದಿನ ಸಂಜೆಯೇ ಅಲಂಕಾರ ಮಾಡಿಸಿದ್ದರು. ಛಾವಣಿಯಿಂದ ನೆಲದ ಹತ್ತಿರದವರೆಗೂ ಕ್ರೇಪ್ ಕಾಗದದ ಪಟ್ಟಿಗಳು, ಮೂರು ಮೂರರ ಜೊತೆಯಲ್ಲಿ. ಕೇಸರಿ, ಬಿಳಿ, ಹಸಿರು. ಎಲ್ಲವೂ ನಿಂತಿವೆ. ಅತಿಥಿಯ ಕುರ್ಚಿ ಇಟ್ಟಿದ್ದ ಕಡೆಯಿಂದ ನೋಡಿದರೆ ಕ್ರಮವೂ ತಿರುಗಿ, ಮೊದಲು ಹಸಿರು, ಆಮೇಲೆ ಬಿಳಿ, ಆಮೇಲೆ ಕಿತ್ತಳೆ. ಅಂದರೆ ಯಾವ ಬಾವುಟದ ಹೆಸರಿನಲ್ಲಿ ಬೆಲ್‌ಫಾಸ್ಟ್‌ನ ಅರ್ಧ ಊರು ಮೂವತ್ತು ವರ್ಷ ಇನ್ನರ್ಧ ಊರಿನ ಮೇಲೆ ಕಲ್ಲು ತೂರಿತ್ತೋ, ಅದೇ ಬಾವುಟ ನಲವತ್ತೈವತ್ತು ಸಂಖ್ಯೆಯಲ್ಲಿ, ಫ್ಯಾನಿನ ಗಾಳಿಗೆ ಕುಣಿಯುತ್ತ, ಆ ಊರಿನವರನ್ನು ಬರಮಾಡಿಕೊಳ್ಳಲು ನಿಂತಿತ್ತು. ಬರುವವರು ಯಾವ ಅರ್ಧದವರೋ ದೇವರೇ ಬಲ್ಲ.

"ತೆಗೆಸ್ರಿ ಇವನ್ನ," ಎಂದೆ ಮಾಲೀಕರಿಗೆ.

"ಮೇಡಂ, ಆಗಸ್ಟ್ ಹದಿನಾಲ್ಕಕ್ಕೆ ತ್ರಿವರ್ಣ ಕಿತ್ತು ಹಾಕೋದಾ? ಕೆಳಗಡೆ ಜಾವಾದವರು ನೋಡಿದ್ರೆ ನನ್ನ ಕಥೆ ಏನು?"

"ಒಂದು ಬಣ್ಣ ಕಿತ್ತರ ಸಾಕ್ರಿ," ಎಂದಳು ಸಿಂಧನೂರಿನವಳು. "ಹಸುರು ತಗೀರಿ."

"ಆಗ ಕೇಸರಿ ಬಿಳಿ ಉಳೀತದ. ಬೆಲ್‌ಫಾಸ್ಟಿನ ಕಿತ್ತಳಿ ಮಂದಿದು ಹಬ್ಬ ಆಗ್ತದ," ಎಂದ ಬೀದರಿನವನು. "ಮತ್ತ ಹೈದರಾಬಾದಿನಾಗ ಹಸುರು ಒಂದೇ ಕಿತ್ತಿದ್ರ ನಾ ಸಂಜಿಗಿ ಹಾಸ್ಟೆಲಿಗಿ ಯಾವ ಮಖ ತಗೊಂಡು ಹೋಗ್ಲಿ?"

"ಹಂಗಾರ ಕೇಸರಿ ತಗೀರಿ."

"ಆಗ ನೀ ಯಾವ ಮಖ ತಗೊಂಡು ಹೋಗ್ತಿ?"

ನಾವೆಲ್ಲ ಮೇಲೆ ನೋಡುತ್ತ ನಿಂತೆವು. ಯಾವ ಬಣ್ಣ ಮುಟ್ಟಿದರೂ ಒಂದು ಊರು ಉಳಿದು ಇನ್ನೊಂದು ಊರು ಹತ್ತಿಕೊಳ್ಳುತ್ತಿತ್ತು. ಮೊದಲು ನಕ್ಕವಳು ನಾನೇ. ಆಮೇಲೆ ತಡೆಯಲಾಗಲಿಲ್ಲ. ಬೀದರಿನವನು ಬೆಂಚಿನ ಮೇಲೆ ಹೊಟ್ಟೆ ಹಿಡಿದು ಮಲಗಿದ. ಮಾಲೀಕರಿಗೆ ಏನೂ ಅರ್ಥವಾಗದಿದ್ದರೂ, ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಕ್ಕರು.

ಕೊನೆಗೆ ಬಣ್ಣ ಬಿಟ್ಟು ಕುರ್ಚಿ ತಿರುಗಿಸಿದೆವು. ಅತಿಥಿಯನ್ನು ಆಚೆ ಕಡೆ ಕೂರಿಸಿದರೆ ಕೇಸರಿ ಮೊದಲು ಬರುತ್ತದೆ, ಭಾರತ ಆಗುತ್ತದೆ. ಟೇಬಲ್ಲು, ಹೂದಾನಿ, ಬಿಸ್ಕತ್ತಿನ ಪ್ಲೇಟು, ಎಲ್ಲ ಹೊತ್ತು ಸಾಗಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು.

ಆಕೆ ಐವತ್ತರ ಆಸುಪಾಸಿನ, ಬಿಳಿಗೂದಲ, ಗಟ್ಟಿಮುಟ್ಟು ಹೆಂಗಸು. ಮುಖ ಬಿಸಿಲಿಗೆ ಟೊಮೆಟೊ ಆಗಿತ್ತು. ನಾವು ತೋರಿಸಿದ ಕುರ್ಚಿಯತ್ತ ತಿರುಗಿಯೂ ನೋಡಲಿಲ್ಲ. ಏ.ಸಿ. ಎಲ್ಲಿದೆಯೆಂದು ಕಂಡುಕೊಂಡು ಸೀದಾ ಅತ್ತ ನಡೆದು, ಕುರ್ಚಿ ಮೊದಲಿದ್ದ ಜಾಗದಲ್ಲೇ ನಿಂತು, ಕರವಸ್ತ್ರದಿಂದ ಬೆವರೊರೆಸಿಕೊಂಡು ಕಣ್ಣೆತ್ತಿದರು. ಹಾಗೇ ನಿಂತರು.

"ಇದು ನನಗಾಗಿ ಮಾಡಿದ್ದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಧ್ವನಿ ತಣ್ಣಗಿತ್ತು.

"ಯೆಸ್ ಮೇಡಂ," ಎಂದರು ನಮ್ಮ ಮಾಲೀಕರು ಹೆಮ್ಮೆಯಿಂದ. "ಪ್ರತಿ ವರ್ಷವೂ ಹಾಕುತ್ತೇವೆ."

"ಪ್ರತಿ ವರ್ಷ?"

ಆ ಕಾನ್ವೆಂಟು, ಆ ಎಲೊಕ್ಯೂಷನ್ ಪ್ರೈಜುಗಳು, ಯಾವುದೂ ನನ್ನ ನೆರವಿಗೆ ಬರಲಿಲ್ಲ. ಆಗ ಸಾಲಿನಿಂದ ಸಿಂಧನೂರಿನವಳು ಮುಂದೆ ಬಂದಳು. ನಾನು ಬೇಡ ಎಂದು ಕಣ್ಣು ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಮೇಡಂ, ಇವು ನಮ್ಮ ಬಣ್ಣ," ಎಂದಳು, ನನ್ನ ಸಿಸ್ಟರ್‌ನ ಇಂಗ್ಲಿಷಿನಲ್ಲಿ, ವಾಕ್ಯದ ಕೊನೆಗೆ ಧ್ವನಿ ಮೆಟ್ಟಿಲು ಹತ್ತಿಸುತ್ತ. "ನಾಳೆ ನಮ್ಮ ಹಬ್ಬ. ನಮ್ಮ ಬಾವುಟ ಮಲಗಿರುತ್ತದೆ. ಕಾಗದ ಕಟ್ಟಿದವರಿಗೆ ಮಲಗಿಸಲು ಬರಲಿಲ್ಲ, ನಿಂತುಬಿಟ್ಟಿದೆ. ನಮ್ಮಲ್ಲೂ ಈ ಬಣ್ಣದವರು, ಆ ಬಣ್ಣದವರು ಇದ್ದೇವೆ. ಬೆಳಿಗ್ಗೆಯಿಂದ ಒಂದನ್ನು ಕೀಳಬೇಕೆಂದು ನೋಡಿದೆವು, ಆಗಲಿಲ್ಲ. ನಿಮಗೆ ಬೇಸರವಾಗಿದ್ದರೆ ಕುತ್ತಿಗೆ ವಾಲಿಸಿ ನೋಡಿ, ಭಾರತ ಕಾಣುತ್ತದೆ."

ಧರ್ಮವೂ ಬಂತು, ರಾಜಕೀಯವೂ ಬಂತು. ಹವಾಮಾನ ಒಂದು ಉಳಿದಿತ್ತು. ಮರುದಿನ ಸಂಜೆಯ ಬಸ್ಸಿನ ಕಿಟಕಿಯ ಸೀಟು ನನ್ನ ಕಣ್ಣಿಗೆ ಕಟ್ಟಿತು.

ಆ ಹೆಂಗಸು, ನನ್ನ ಕಣ್ಣೆದುರೇ, ತಲೆಯನ್ನು ನಿಧಾನಕ್ಕೆ ಪಕ್ಕಕ್ಕೆ ವಾಲಿಸಿದರು. ಕಿವಿ ಭುಜಕ್ಕೆ ತಾಗಿತು. "ಹೌದಲ್ಲ," ಎಂದರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವಳು ಅವಳಾಗಿರುತ್ತಿರಲಿಲ್ಲ. "ಮೇಡಂ, ಒಂದು ಪ್ರಶ್ನೆ ಕೇಳಲಾ?" ಎಂದಳು. ನಾನು ಕಣ್ಣು ಮುಚ್ಚಿಕೊಂಡೆ. "ಡಬ್ಲಿನ್ನಿನವರು ಪೋಸ್ಟ್ ಆಫೀಸನ್ನೇ ಯಾಕೆ ಹಿಡಿದರು?"

ಕ್ರೇಪ್ ಕಾಗದ ಸರಬರ ಎನ್ನುತ್ತಿತ್ತು. ಆಮೇಲೆ ಎಂಥ ನಗು ಕೇಳಿಸಿತೆಂದರೆ ಕಣ್ಣು ತೆರೆದೆ. ಆಕೆ ಏ.ಸಿ. ಕೆಳಗಿನ ಬೆಂಚಿನ ಮೇಲೆ ಕುಸಿದು ಕೂತು ಕರವಸ್ತ್ರದಲ್ಲಿ ಮುಖ ಹುದುಗಿಸಿ ನಗುತ್ತಿದ್ದರು. ಅವರ ತಂದೆ ಬೆಲ್‌ಫಾಸ್ಟ್‌ನಲ್ಲಿ ಪೋಸ್ಟ್‌ಮನ್ ಆಗಿದ್ದರಂತೆ. ಗಲಭೆಯ ವರ್ಷಗಳುದ್ದಕ್ಕೂ ಎರಡೂ ಕಡೆಯ ಓಣಿಗಳಲ್ಲಿ ಟಪಾಲು ಹಂಚಿದವರು. ಕಿತ್ತಳೆಯವರೂ ಹಸಿರಿನವರೂ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದದ್ದು ಅವರೊಬ್ಬರಿಗೇ ಅಂತೆ. "ಇರುವ ಕಟ್ಟಡಗಳನ್ನೆಲ್ಲ ಬಿಟ್ಟು ನಮ್ಮದೇ ಯಾಕೆ ಬೇಕಿತ್ತು ಎಂದು ಅಪ್ಪ ಸಾಯುವ ತನಕ ಕೇಳುತ್ತಲೇ ಇದ್ದರು," ಎಂದರು. "ಯಾರೂ ಉತ್ತರ ಹೇಳಲಿಲ್ಲ."

"ಸಿಟ್ ಡೌನ್ ಅಂದರಾ?" ಎಂದಳು ನಮ್ಮವಳು.

ಮಧ್ಯಾಹ್ನ ಫಲಿತಾಂಶ. ಬೀದರಿನವನು ಮಾಮೂಲಿ ಬಿಲ್ಲಿಂಗ್‌ಗೆ ಆಯ್ಕೆಯಾದ, ಇನ್ನೂ ಹಲವರು ಆದರು. ಸಿಂಧನೂರಿನವಳ ಹೆಸರು ಅದರಲ್ಲಿ ಬರಲಿಲ್ಲ. ಅವಳು ಚೀಲಕ್ಕೆ ಡಬ್ಬಿ ತುಂಬತೊಡಗಿದಾಗ ಆ ಹೆಂಗಸು ಬಂದು ಭುಜ ತಟ್ಟಿದರು. ಬಿಲ್ಲಿಂಗಿನವರು ನಿಯಮ ಪಾಲಿಸಬೇಕು, ಅದು ಇವಳಿಂದ ಆಗದು. ಸಿಟ್ಟಿಗೆದ್ದು ಫೋನ್ ಮಾಡುವವರಿಗೆ ಬೇರೆ ಡೆಸ್ಕ್ ಇದೆ, ಅಲ್ಲಿ ಎದುರು ಪ್ರಶ್ನೆ ಕೇಳುವವರೇ ಬೇಕು, ಸಂಬಳವೂ ತುಸು ಜಾಸ್ತಿ, ಎಂದರು. ಇವಳು ಮೆಟ್ಟಿಲು ಇಳಿದ ಸದ್ದಿಗೆ ಜಾವಾ ಮೇಷ್ಟ್ರು ಮತ್ತೆ ಮೆರವಣಿಗೆ ಹೊರಟಿತೆಂದು ಬಾಗಿಲು ಹಾಕಿಕೊಂಡರಂತೆ.

"ಆ ಬೆಲ್‌ಫಾಸ್ಟಿನಾಕಿ ಯಾವ ಬೆಂಚಿನಾಕಿ ಇರಬೇಕ್ರಿ ಮೇಡಂ?" ಎಂದು ಬೀದರಿನವನು ನನ್ನ ಕಿವಿಯಲ್ಲಿ ಕೇಳಿದ. ನಾವು ಸಂಜೆಯವರೆಗೂ ಲೆಕ್ಕ ಹಾಕಿದೆವು. ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟಡದ ತಾರಸಿಯಲ್ಲಿ ಧ್ವಜಾರೋಹಣ. ಅಣ್ಣ ಒಂದು ಸೀಟು ಕ್ಯಾನ್ಸಲ್ ಮಾಡಿ, ರೊಟ್ಟಿಯ ಗಂಟು ಬಿಚ್ಚಿ ಕಿತ್ತಳೆ ಹಸಿರು ನೋಡದೆ ಎಲ್ಲರಿಗೂ ಹಂಚಿ, ನನ್ನ ಪಕ್ಕ ಬಂದು ನಿಂತಿದ್ದ. ಮಾಲೀಕರು ಹಗ್ಗ ಎಳೆದರು. ಬಾವುಟ ಬಿಚ್ಚಿಕೊಂಡಿತು, ಒಂದಿಷ್ಟು ಹೂವು ಉದುರಿತು. ನಾನು ಸಿಸ್ಟರ್ ನೋಡಿದ ಹಾಗೆ ಒಮ್ಮೆ ನೋಡೋಣವೆಂದು ಕುತ್ತಿಗೆ ವಾಲಿಸಿದೆ. ಪಟ್ಟೆಗಳು ಎದ್ದು ನಿಂತವು. ಕಣ್ಣು ಮಂಜಾಯಿತು.

ಅಣ್ಣ ಬಗ್ಗಿ ಮೆಲ್ಲಗೆ ಕೇಳಿದ. "ಕುತ್ತಿಗಿ ಹಿಡದೈತೇನ್ರಿ ಅಮ್ಮಾರ? ಹರಳೆಣ್ಣಿ ಬಿಸಿ ಮಾಡಿ ತಿಕ್ಕರಿ, ಭಾಳ ಚಲೋ."